ಕಾಕನಕೋಟೆಯಲ್ಲಿ ಒಂದು ಸಂಜೆ

ನಮ್ಮದು ಪ್ರವಾಸದ ಮನೆತನವಲ್ಲ. ರಜೆ ಬಂದಿತೆಂದರೆ ಮದುವೆ, ಮುಂಜಿ, ಗೃಹಪ್ರವೇಶಗಳು ನಮ್ಮನ್ನು ಹಂಚಿಕೊಳ್ಳುತ್ತವೆ; ಉಳಿದ ದಿನಗಳನ್ನು ಉತ್ತರಪತ್ರಿಕೆಗಳು ನುಂಗುತ್ತವೆ. ಆದುದರಿಂದ 2024ರ ಏಪ್ರಿಲಿನಲ್ಲಿ ತಂದೆ, ತಾಯಿ, ಮಡದಿ, ಇಬ್ಬರು ಮಕ್ಕಳು ಮತ್ತು ನಾನು ಒಟ್ಟಾಗಿ ಕಾಡು ನೋಡಲು ಹೊರಟದ್ದು ನಮ್ಮ ಮನೆಯ ಚರಿತ್ರೆಯಲ್ಲಿ ಮೊದಲನೆಯ ಸಾಹಸವೆಂದೇ ಹೇಳಬೇಕು.

ಎಲ್ಲಿಗೆ ಹೋಗುವುದೆಂದು ಚರ್ಚೆಯಾಯಿತು. ಮಕ್ಕಳಿಗೆ ಹುಲಿ ಬೇಕು. ತಾಯಿಯವರಿಗೆ ಊಟಕ್ಕೆ ತೊಂದರೆಯಾಗದ ಸ್ಥಳ ಬೇಕು. ತಂದೆಯವರು ಮಾತ್ರ, "ಹೋಗುವುದಾದರೆ ಕಾಕನಕೋಟೆಗೆ" ಎಂದರು. ನಾನು ಒಪ್ಪಿದೆ. ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನು ತರಗತಿಯಲ್ಲಿ ಪಾಠ ಹೇಳಿಯೂ ಆ ನೆಲವನ್ನು ಕಾಣದ ಸಂಕೋಚ ನನಗಿತ್ತು. ತಂದೆಯವರ ಕಾರಣ ಬೇರೆ. 1971ರಲ್ಲಿ, ಇಪ್ಪತ್ತರ ಹರೆಯದ ವಿದ್ಯಾರ್ಥಿಯಾಗಿದ್ದಾಗ, ಅವರು ಅಲ್ಲಿ ನಡೆದ ಕೊನೆಯ ಖೆಡ್ಡಾ ನೋಡಿದ್ದರು.

ಆ ಕಥೆಯನ್ನು ಕೇಳದೆ ನಮ್ಮ ಮನೆಯಲ್ಲಿ ಯಾರೂ ಬೆಳೆದಿಲ್ಲ. ತಮಟೆ, ಬೆಂಕಿ, ಕೂಗಾಟಗಳಿಂದ ಆನೆಯ ಹಿಂಡನ್ನು ಬೆದರಿಸಿ ಅಟ್ಟುವುದು. ಕಬಿನಿಯ ನೀರಿಗಿಳಿಸಿ ಹೊಳೆ ದಾಟಿಸುವುದು. ಮರದ ದಿಮ್ಮಿಗಳ ಆವರಣದೊಳಕ್ಕೆ ನುಗ್ಗಿಸಿ ದಡಾರನೆ ಬಾಗಿಲು ಬೀಳಿಸುವುದು. ಹೇಳುವಾಗ ತಂದೆಯವರೇ ತಮಟೆ, ತಂದೆಯವರೇ ಆನೆ! ಬಾಗಿಲು ಬಿದ್ದೊಡನೆ ಕಥೆ ಮುಗಿಯುತ್ತಿತ್ತು. "ಆಮೇಲೆ?" ಎಂದರೆ, "ಆಮೇಲೇನು, ಮನೆಗೆ ಬಂದೆವು" ಎನ್ನುತ್ತಿದ್ದರು.

ಹೆಗ್ಗಡದೇವನಕೋಟೆ, ಅಂತರಸಂತೆಗಳನ್ನು ದಾಟಿ ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ಬಸ್ಸನ್ನು ಹತ್ತಿದೆವು. ತೇಗದ ಮರಗಳೆಲ್ಲ ಎಲೆಯುದುರಿಸಿ ನಿಂತಿದ್ದವು. ಒಂದೆಡೆ ಜಿಂಕೆಯೊಂದು ಚೀರಿತು. ಚಾಲಕ ಬಸ್ಸನ್ನು ನಿಲ್ಲಿಸಿ ಬೆರಳನ್ನು ತುಟಿಗಿಟ್ಟ. ಹುಲಿಯ ಸುಳಿವಂತೆ. ಕಾಲುಗಂಟೆ ನಾವು ಉಸಿರಾಡಲೂ ಅಂಜಿ ಕುಳಿತೆವು. ಪೊದೆ ಅಲುಗಲಿಲ್ಲ. "ತಾತ, ಹುಲಿ ಯಾಕೆ ಬರಲಿಲ್ಲ?" ಎಂದ ಮಗ. "ಕರೆದಾಗ ಬರಲು ಅದೇನು ಮನೆಯ ಬೆಕ್ಕೇ, ಮಗು?" ಎಂದರು ತಂದೆಯವರು. ಆದರೆ ಅವರ ಕಣ್ಣು ಬೇರೇನನ್ನೋ ಹುಡುಕುತ್ತಿತ್ತು.

ಅವರು ಹುಡುಕುತ್ತಿದ್ದುದು ಇನ್ನು ಸಿಗುವಂತಿರಲಿಲ್ಲ. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಹೊಳೆಯ ದಂಡೆ ಹಿನ್ನೀರಿನಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಬಯಲಾದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಅದನ್ನು ಅರಸಿ ಸುತ್ತಲಿನ ಕಾಡುಗಳ ಆನೆಗಳು ಇಲ್ಲಿ ಕೂಡುತ್ತವೆ. ಸಂಜೆಯ ಹೊತ್ತಿಗೆ ಬಸ್ಸು ಅಲ್ಲಿಗೆ ಬಂದಿತು. ಮಗಳು ಇಪ್ಪತ್ತಮೂರರವರೆಗೆ ಎಣಿಸಿ ಲೆಕ್ಕ ತಪ್ಪಿದಳು. ಒಂದು ಹೆಣ್ಣಾನೆ ಹುಲ್ಲಿನ ಕಂತೆಯನ್ನು ಕಾಲಿಗೆ ಬಡಿದು ಮಣ್ಣುದುರಿಸಿ ತಿನ್ನುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಒಂದು ಮರಿ. ಕಿಟಕಿಯ ಕಂಬಿಗಳ ಈಚೆ ನಾವು ಆವರಣದಲ್ಲಿದ್ದೆವು. ಆಚೆ ಅವು ತಮ್ಮ ಪಾಡಿಗೆ ತಾವಿದ್ದವು.

ತಂದೆಯವರು ಕಂಬಿಯನ್ನು ಹಿಡಿದು ಮೆಲ್ಲನೆ ಹೇಳಿದರು: "ಅಂದೂ ಒಂದು ಮರಿ ಹೀಗೆಯೇ ತಾಯಿಯ ಹೊಟ್ಟೆಯಡಿ ನಿಂತಿತ್ತು. ಕುಮ್ಕಿ ಆನೆಗಳು ಎರಡು ಕಡೆಯಿಂದ ಒತ್ತಿ ತಾಯಿಯನ್ನು ಬೇರೆ ಮಾಡಿದವು. ಮಾವುತರು ಹಗ್ಗ ಬಿಗಿದರು. ಮರಿ ಕೂಗುತ್ತಲೇ ಇತ್ತು. ಜನರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ."

ಐವತ್ತಮೂರು ವರ್ಷ ನಮ್ಮ ಮನೆಯಲ್ಲಿ ಅರ್ಧವಾಗಿಯೇ ಉಳಿದಿದ್ದ ಕಥೆ ಹೀಗೆ ಮುಗಿಯಿತು. ತಂದೆಯವರೊಬ್ಬರದೇ ತಪ್ಪೆಂದು ನಾನು ಹೇಳಲಾರೆ. ಅರಸರು ಅತಿಥಿಗಳನ್ನು ಕರೆಸಿ ತೋರಿಸುತ್ತಿದ್ದ ವೈಭವ ಅದು. ಜೀವದ ಹಂಗು ತೊರೆದು ದುಡಿದ ಕಾಡಿನ ಜನರಿಗೆ ಹೊಟ್ಟೆಯ ಪಾಡು. ವನ್ಯಜೀವಿಗಳ ರಕ್ಷಣೆಗೆ ದೇಶದಲ್ಲಿ ಕಾಯಿದೆ ಬಂದದ್ದು ಮರುವರ್ಷ, 1972ರಲ್ಲಿ. ಕಾಯಿದೆ ಹೊರಡುವುದಕ್ಕೆ ಒಂದು ದಿನ ಸಾಕು; ಒಬ್ಬ ಮನುಷ್ಯನ ಒಳಗೆ ಅದು ಜಾರಿಗೆ ಬರಲು ಎಷ್ಟು ಕಾಲ ಬೇಕೋ!

ಹಿಂತಿರುಗುವಾಗ ಮಕ್ಕಳು ಹುಲಿಯ ಸುದ್ದಿಯನ್ನೇ ಎತ್ತಲಿಲ್ಲ. ಊರು ಹತ್ತಿರವಾದಾಗ ಮಗಳು ಕೇಳಿದಳು: "ತಾತ, ಆ ಮರಿ ಆಮೇಲೆ ಎಲ್ಲಿಗೆ ಹೋಯಿತು?"

"ಯಾರಿಗೋ ಮಾರಿರಬಹುದು, ಬೆಳೆದಮೇಲೆ ದಿಮ್ಮಿ ಎಳೆದಿರಬಹುದು," ಎಂದರು ತಂದೆಯವರು. ಸ್ವಲ್ಪ ತಡೆದು, "ನಾನು ವಿಚಾರಿಸಲಿಲ್ಲ, ಮಗು" ಎಂದರು.