ಸಬ್‌ವೂಫರ್ ಎಲ್ಲಿಟ್ಟರೂ ಒಂದೇನಾ?

ಮಂದ್ರದ ದನಿಗೆ ದಿಕ್ಕಿಲ್ಲ, ಆದ್ದರಿಂದ ಮಂದ್ರಕ್ಕೆಂದೇ ಇರುವ ಸಬ್‌ವೂಫರ್ ಪೆಟ್ಟಿಗೆಯನ್ನು ಮನೆಯಲ್ಲಿ ಎಲ್ಲಿಟ್ಟರೂ ಆದೀತು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದರ ಮೊದಲರ್ಧ ಬಹುಮಟ್ಟಿಗೆ ನಿಜ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ದನಿ ಎತ್ತಲಿಂದ ಬಂತೆಂದು ಕೋಣೆಯೊಳಗೆ ಕಿವಿಗೆ ಗೊತ್ತಾಗುವುದು ಕಷ್ಟ. ಉಳಿದರ್ಧವನ್ನು ಮಾತ್ರ ಕೋಣೆಯೇ ಸುಳ್ಳಾಗಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. 40 ಹರ್ಟ್ಸ್ ದನಿಯ ಒಂದು ಅಲೆ 8.6 ಮೀಟರ್ ಉದ್ದ. ಹಾಲ್‌ನ ಉದ್ದ ಇದರ ಅರ್ಧ, ಅಂದರೆ ಹದಿನಾಲ್ಕು ಅಡಿಯಷ್ಟು ಇದ್ದರೆ, ಎದುರುಬದುರು ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಸೇರಿ ನಿಂತಲ್ಲೇ ತೂಗತೊಡಗುತ್ತವೆ. ತೊಟ್ಟಿಯ ನೀರನ್ನು ಹಿಂದೆಮುಂದೆ ಅಲ್ಲಾಡಿಸಿದಾಗ ಎರಡೂ ಅಂಚಿನಲ್ಲಿ ಮಟ್ಟ ಏರಿಳಿದು ನಟ್ಟನಡುವೆ ಹಾಗೆಯೇ ಉಳಿಯುವಂತೆ, ಗಾಳಿಯ ಒತ್ತಡವೂ ಗೋಡೆಯ ಬಳಿ ಏರಿಳಿದು ನಡುವೆ ಸುಮ್ಮನಿರುತ್ತದೆ. ಸಾಮಾನ್ಯ ಬಾಸ್ ಗಿಟಾರಿನ ಅತಿ ಮಂದ್ರದ ತಂತಿ 41 ಹರ್ಟ್ಸ್‌ನದು. ಗೋಡೆಗೆ ಒರಗಿದವರ ಎದೆ ನಡುಗಿಸುವ ಆ ಸ್ವರ, ಕೋಣೆಯ ಮಧ್ಯದ ಸೋಫಾದಲ್ಲಿ ಕೂತವರಿಗೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ನಾವು ಕೇಳುವ ಮಂದ್ರದಲ್ಲಿ ಪೆಟ್ಟಿಗೆಯ ಪಾಲಿಗಿಂತ ಕೋಣೆಯ ಪಾಲು ದೊಡ್ಡದು ಎಂದು ನಾನು ವಾದಿಸುವುದು ಇದಕ್ಕೇ. ಮೂಲೆಗಿಟ್ಟರೆ ಬಾಸ್ ಜೋರಾಗುತ್ತದಲ್ಲ ಎನ್ನಬಹುದು. ಹೌದು, ಏಕೆಂದರೆ ಮೂಲೆಯಿಂದ ಕೋಣೆಯ ಇಂಥ ತೂಗಾಟಗಳೆಲ್ಲ ಒಟ್ಟಿಗೆ ಕೆರಳುತ್ತವೆ. ಆದರೆ ಗೋಡೆಗಳೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಮನೆಗಳ ಮರದ ಚೌಕಟ್ಟು, ಜಿಪ್ಸಮ್ ಹಲಗೆಯ ಗೋಡೆಗಳು ತಾವೂ ತುಸು ಕಂಪಿಸಿ ಮಂದ್ರದ ಶಕ್ತಿಯನ್ನು ಒಂದಷ್ಟು ಹೀರಿಕೊಳ್ಳುತ್ತವೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ಛಾವಣಿ ಅದರ ಬಹುಪಾಲನ್ನು ಒಳಕ್ಕೇ ತಳ್ಳುತ್ತವೆ. ಅಲ್ಲಿನವರಿಗೆ ಒಗ್ಗಿದ ಮೂಲೆ ಇಲ್ಲಿ ಸ್ವರಗಳ ಗೆರೆ ಅಳಿಸಿ, ಬರೀ ಗುಂಯ್‌ಗುಡುವಿಕೆಯನ್ನು ಉಳಿಸಬಹುದು. ಹೋಮ್ ಥಿಯೇಟರ್ ರಿಸೀವರಿನ ಜೊತೆ ಬರುವ ಮೈಕ್‌ನಿಂದ ಅಳೆದು ತಿದ್ದಿಸಿದರೆ ಸಾಲದೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೋಣೆ ಜೋರಾಗಿಸಿದ ಸ್ವರದ ಉಬ್ಬನ್ನು ಅದು ಚೆನ್ನಾಗಿಯೇ ತಗ್ಗಿಸುತ್ತದೆ. ಅಲೆಗಳು ಒಂದನ್ನೊಂದು ಅಳಿಸಿ ಬಿದ್ದ ಹಳ್ಳವನ್ನು ತುಂಬುವುದು ಅದರ ಕೈಲಾಗದ ಕೆಲಸ. 10 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಸುರಿಯಬೇಕು, ಸುರಿದರೂ ಗೋಡೆಯಿಂದ ಮರಳುವ ಅಲೆ ಅಷ್ಟೇ ಬಲಿತು ಬಂದು ಅದನ್ನು ಅಳಿಸುತ್ತದೆ.

ಜಾಗ ಹುಡುಕಲು ಖರ್ಚಿಲ್ಲದ ಉಪಾಯವೊಂದಿದೆ. ದನಿಯ ಮೂಲವನ್ನೂ ಕೇಳುವವರನ್ನೂ ಅದಲುಬದಲು ಮಾಡಿದರೆ ಕೇಳಿಸುವುದು ಬದಲಾಗದು ಎಂಬ ತತ್ವವನ್ನು ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದರು. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬಾಸ್‌ನ ಸ್ವರಗಳು ಏರಿಳಿಯುವ ಹಾಡು ಹಾಕಿ, ಗೋಡೆಯಂಚಿನಲ್ಲಿ ಮಂಡಿಯೂರಿ ಸಾಗುತ್ತಾ ಕಿವಿಗೊಡಿ. ಎಲ್ಲ ಸ್ವರಗಳೂ ಸಮನಾಗಿ, ಬಿಡಿಬಿಡಿಯಾಗಿ ಕೇಳುವ ಕಡೆ ಪೆಟ್ಟಿಗೆಯನ್ನು ಇಡಬೇಕು.

ಜೋಡಣೆ ಸರಳ. ರಿಸೀವರಿನ ಸಬ್ ಔಟ್‌ನಿಂದ ಸಬ್‌ವೂಫರಿನ ಎಲ್‌ಎಫ್‌ಇ ಇನ್‌ಪುಟ್‌ಗೆ ಒಂದು ಆರ್‌ಸಿಎ ಕೇಬಲ್ ಸಾಕು. ರಿಸೀವರಿನಲ್ಲಿ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಸ್ಪೀಕರಿಗೂ ಸಬ್‌ವೂಫರಿಗೂ ದನಿ ಹಂಚುವ ಗಡಿಯಾದ ಕ್ರಾಸೋವರನ್ನು 80 ಹರ್ಟ್ಸ್‌ಗೆ ಇಡಿ. ಪೆಟ್ಟಿಗೆಯದೇ ಕ್ರಾಸೋವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ಒಂದೇ ದನಿ ಎರಡು ಸಲ ಸೋಸಲ್ಪಡುತ್ತದೆ. ಎಲ್ಲರೂ ಮರೆಯುವ ಫೇಸ್ ಸ್ವಿಚ್ ಮೇಲೆ ನನಗೆ ವಿಶೇಷ ಅಕ್ಕರೆ. 80 ಹರ್ಟ್ಸ್‌ನ ಆಸುಪಾಸಿನಲ್ಲಿ ಸ್ಪೀಕರೂ ಸಬ್‌ವೂಫರೂ ಒಂದೇ ಸ್ವರವನ್ನು ನುಡಿಸುತ್ತವೆ. ಒಂದು ಗಾಳಿಯನ್ನು ಒತ್ತುವಾಗ ಇನ್ನೊಂದು ಸೆಳೆದರೆ ಎರಡರ ಶ್ರಮವೂ ವ್ಯರ್ಥ. 80 ಹರ್ಟ್ಸ್ ದನಿ ಹಾಕಿ ಒಬ್ಬರು ಸೋಫಾದಲ್ಲಿ ಕೂತಿರಲಿ, ಇನ್ನೊಬ್ಬರು ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಲಿ. ಜೋರಾಗಿ ಕೇಳಿದ್ದೇ ಸರಿ.

ವಾಲ್ಯೂಮ್ ಕೊನೆಗೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸದ್ದು ತಗ್ಗಿದಷ್ಟೂ ಮಂದ್ರಕ್ಕೆ ಕಿವಿ ಮಂದವಾಗುತ್ತದೆ. ಆದ್ದರಿಂದ ದಿನವೂ ಕೇಳುವಷ್ಟೇ ಸದ್ದಿನಲ್ಲಿ ಹೊಂದಿಸಬೇಕು. ಹಾಡು ನಿಲ್ಲಿಸಿದರೂ ‘ಹುಂ’ ಎನ್ನುತ್ತಿದ್ದರೆ ಅದು ಸಾಮಾನ್ಯವಾಗಿ 50 ಹರ್ಟ್ಸ್ ವಿದ್ಯುತ್ತಿನ ಗುಂಗು: ಸಬ್‌ವೂಫರ್, ರಿಸೀವರ್ ಎರಡನ್ನೂ ಒಂದೇ ಸಾಕೆಟ್ಟಿಗೆ ಜೋಡಿಸಿ ನೋಡಿ, ಕೇಬಲ್ ಟಿವಿಯ ತಂತಿ ಕಳಚಿ ನೋಡಿ. ಅರ್ತ್ ಪಿನ್ನನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ.