ದಯೆಗೆ ದಂಡನೆಯೇ?

ನಮ್ಮ ಕೊಯಿಲ ಗ್ರಾಮದ ಹೆಸರನ್ನೆತ್ತಿದೊಡನೆ ದಕ್ಷಿಣ ಕನ್ನಡ ಜಿಲ್ಲೆಯವರಿಗೆ ನೆನಪಾಗುವುದು ಇಲ್ಲಿಯ ಜಾನುವಾರು ಸಂವರ್ಧನ ಕ್ಷೇತ್ರ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು, ಈಗ ಕಡಬ ತಾಲೂಕಿಗೆ ಒಳಪಟ್ಟಿರುವ ಈ ಊರಿನಲ್ಲಿ ಹಸುವಿನ ಕಾಲು ಮುರಿದರೆ ಏನು ಮಾಡಬೇಕೆಂಬುದನ್ನು ಚಿಕ್ಕ ಮಗುವೂ ಬಲ್ಲದು. ಆದರೆ ಅದೇ ಮಗು ಮಳೆಗಾಲದ ಬೆಳಗ್ಗೆ ವಾಹನದ ಹೊಡೆತಕ್ಕೆ ಸಿಕ್ಕಿ ರಸ್ತೆಯ ಅಂಚಿನಲ್ಲಿ ನರಳುವ ನವಿಲನ್ನೋ, ತೋಟದ ಬಲೆಯಲ್ಲಿ ಸುತ್ತಿಕೊಂಡ ಹೆಬ್ಬಾವನ್ನೋ ಕಂಡು ಓಡಿಬಂದು ಏನು ಮಾಡೋಣವೆಂದು ಕೇಳಿದರೆ, ಹಿರಿಯರ ಬಾಯಿಂದ ಬರುವ ಉತ್ತರ ಈಚೆಗೆ ಒಂದೇ: "ಮುಟ್ಟಬೇಡ, ಕೇಸಾಗುತ್ತದೆ."

ಈ ಉತ್ತರದಲ್ಲಿ ಕ್ರೌರ್ಯವಿಲ್ಲ; ಭಯವಿದೆ. ಆ ಭಯದಲ್ಲಿ ನಿಜವೆಷ್ಟು, ತಪ್ಪು ತಿಳಿವಳಿಕೆಯೆಷ್ಟು ಎಂಬುದನ್ನು ವಾಚಕರೊಡನೆ ಸಮಾಧಾನವಾಗಿ ವಿಚಾರಿಸಿ ನೋಡುವುದು ಉಚಿತವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಕಾಯಿದೆಯ ಮಾತು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂಬ ಪದಕ್ಕೆ ಬಹು ವಿಶಾಲವಾದ ಅರ್ಥವನ್ನು ಕೊಟ್ಟಿದೆ. ಕೊಲ್ಲುವುದೊಂದೇ ಬೇಟೆಯಲ್ಲ, ಹಿಡಿಯುವುದು, ಬೋನಿಗೆ ಬೀಳಿಸುವುದು, ಅಟ್ಟುವುದು, ಹಕ್ಕಿಯ ಗೂಡನ್ನು ಕದಡುವುದು ಸಹ ಬೇಟೆಯೇ. ಹಿಡಿದವನ ಮನಸ್ಸಿನಲ್ಲಿ ಹಸಿವಿತ್ತೇ, ಕರುಣೆಯಿತ್ತೇ ಎಂದು ಆ ವ್ಯಾಖ್ಯೆ ಕೇಳುವುದಿಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ, ನವಿಲು, ಹೆಬ್ಬಾವು, ಚಿಪ್ಪುಹಂದಿ ಮೊದಲಾದ ಪ್ರಥಮ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಅಪರಾಧವು ಸಿದ್ಧವಾದರೆ 3 ವರ್ಷಕ್ಕೆ ಕಡಮೆಯಿಲ್ಲದೆ 7 ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿಗೆ ಕಡಮೆಯಿಲ್ಲದ ಜುಲ್ಮಾನೆಯೂ ಉಂಟು. ಮೇಲಾಗಿ, ಸೆರೆಯಲ್ಲಿರುವ ವನ್ಯಪ್ರಾಣಿಯು ಯಾರ ವಶದಲ್ಲಿ ದೊರೆಯಿತೋ ಅವನು ಅದನ್ನು ಅಕ್ರಮವಾಗಿಯೇ ಇಟ್ಟುಕೊಂಡಿದ್ದಾನೆಂದು ಮೊದಲು ಭಾವಿಸತಕ್ಕದ್ದೆಂದು 57ನೆಯ ಕಲಮು ವಿಧಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಅವನದೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ತನ್ನನ್ನಾಗಲಿ ಇನ್ನೊಬ್ಬರನ್ನಾಗಲಿ ಕಾಪಾಡುವುದಕ್ಕಾಗಿ ಸದ್ಭಾವದಿಂದ ಕಾಡುಪ್ರಾಣಿಯನ್ನು ಗಾಯಗೊಳಿಸಿದರೂ ಕೊಂದರೂ ಅದು ಅಪರಾಧವಲ್ಲವೆಂದು 11ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಮನುಷ್ಯನ ಪ್ರಾಣವುಳಿಸಲು ಪ್ರಾಣಿಯನ್ನು ಕೊಂದವನಿಗೆ ಹೀಗೆ ಒಂದು ಮಾತಿನ ಆಶ್ರಯವುಂಟು. ಪ್ರಾಣಿಯ ಪ್ರಾಣವನ್ನೇ ಉಳಿಸಲು ಅದನ್ನೆತ್ತಿಕೊಂಡವನಿಗೆ ಅಷ್ಟೇ ಸ್ಪಷ್ಟವಾದ ಮಾತು ಆ ಕಾಯಿದೆಯಲ್ಲಿಲ್ಲ.

ಇದರ ಫಲವೇನೆಂಬುದನ್ನು ನಮ್ಮ ಸೀಮೆಯಿಂದ ಬಹುದೂರದ ಉತ್ತರ ಪ್ರದೇಶದಲ್ಲಿ ಇಡೀ ದೇಶವೇ ಕಂಡಿತು. 2022ನೆಯ ಆಗಸ್ಟ್ ತಿಂಗಳಿನಲ್ಲಿ ಅಮೇಠಿ ಜಿಲ್ಲೆಯ ಹಳ್ಳಿಯೊಂದರ ಯುವಕನಿಗೆ ಹೊಲದಲ್ಲಿ ಕಾಲಿಗೆ ಪೆಟ್ಟಾದ ಒಂದು ಸಾರಸ ಪಕ್ಷಿ ದೊರೆಯಿತು. ಅವನು ಮನೆಗೆ ತಂದು ಉಪಚರಿಸಿದನು. ಗಾಯ ಮಾಯ್ದು ಹಾರಲು ಶಕ್ತವಾದ ಮೇಲೂ ಪಕ್ಷಿಯು ಅವನನ್ನು ಬಿಟ್ಟು ಹೋಗಲಿಲ್ಲ. ಅವನ ಮೋಟಾರು ಸೈಕಲ್ಲಿನ ಜೊತೆಜೊತೆಗೇ ಹಾರುತ್ತಿದ್ದ ದೃಶ್ಯವನ್ನು ಜನರು ಮೊಬೈಲಿನಲ್ಲಿ ನೋಡಿ ಬೆರಗಾದರು. 2023ನೆಯ ಮಾರ್ಚ್ ತಿಂಗಳಿನಲ್ಲಿ ಅರಣ್ಯ ಇಲಾಖೆಯವರು ಅದನ್ನು ಒಯ್ದು ರಾಯಬರೇಲಿಯ ಸಮಸಪುರ ಪಕ್ಷಿಧಾಮದಲ್ಲಿ ಬಿಟ್ಟರು. ಅದು ಅಲ್ಲಿ ನಿಲ್ಲದೆ ಹೊರಬಿದ್ದಿತು. ಕಡೆಗೆ ಅದನ್ನು ಕಾನಪುರದ ಮೃಗಾಲಯಕ್ಕೆ ಸಾಗಿಸಿದರು. ಉಪಚಾರ ಮಾಡಿದವನ ಮೇಲೆ ಈ ಕಾಯಿದೆಯ ಪ್ರಕಾರ ಮೊಕದ್ದಮೆ ದಾಖಲಾಯಿತು. ಸಾರಸಕ್ಕೆ ಪಂಜರ, ಸಲಹಿದವನಿಗೆ ನೋಟೀಸು. ಜನರ ಮನಸ್ಸು ನೊಂದುದರಲ್ಲಿ ಆಶ್ಚರ್ಯವೇನು?

ಆದರೂ ಕಾಯಿದೆಯನ್ನು ಕೇವಲ ನಿರ್ದಯವೆಂದು ತಳ್ಳಿಹಾಕುವುದು ವಿವೇಕವಲ್ಲ. ಭಾಗವತದ ಭರತರಾಜನ ಕಥೆ ನಮ್ಮ ವಾಚಕರಿಗೆ ವಿದಿತವೇ ಆಗಿದೆ. ರಾಜ್ಯವನ್ನು ತೊರೆದು ತಪಸ್ಸಿಗೆ ಕುಳಿತ ಆ ಮಹಾನುಭಾವನು, ಸಿಂಹಗರ್ಜನೆಗೆ ಬೆದರಿದ ತುಂಬು ಬಸುರಿ ಜಿಂಕೆಯೊಂದು ಹೊಳೆಯಲ್ಲಿ ಈದು ಸತ್ತಾಗ ತೇಲಿಹೋಗುತ್ತಿದ್ದ ಮರಿಯನ್ನೆತ್ತಿ ಬದುಕಿಸಿದನು. ಅಷ್ಟರವರೆಗೆ ಅದು ಧರ್ಮ. ಆಮೇಲೆ ಮರಿಯ ಮೇಲಿನ ಮಮತೆಯಲ್ಲಿ ಜಪತಪಗಳನ್ನು ಮರೆತು, ಮರಣಕಾಲದಲ್ಲಿಯೂ ಅದನ್ನೇ ನೆನೆದು, ಮರುಜನ್ಮದಲ್ಲಿ ತಾನೇ ಜಿಂಕೆಯಾದನು. ಎತ್ತಿದ್ದು ದಯೆ, ಇಟ್ಟುಕೊಂಡದ್ದು ಮೋಹ. ಪುರಾಣಕಾರನು ದಂಡಿಸಿದ್ದು ಎರಡನೆಯದನ್ನು ಮಾತ್ರ.

ಇಟ್ಟುಕೊಳ್ಳುವುದರಿಂದ ಕೆಡುವುದು ಮನುಷ್ಯನ ತಪಸ್ಸೊಂದೇ ಅಲ್ಲ. ಮನುಷ್ಯನ ಕೈಯಲ್ಲಿ ಬೆಳೆದ ಮರಿಗೆ ಮನುಷ್ಯನೇ ತಾಯಿಯಾಗಿ ಕಾಣುತ್ತಾನೆ. ಆಹಾರವನ್ನು ಹುಡುಕುವುದನ್ನೂ ವೈರಿಗೆ ಬೆದರುವುದನ್ನೂ ಅದು ಕಲಿಯುವುದಿಲ್ಲ. ಕಾಡಿಗೆ ಬಿಟ್ಟರೆ ನಾಯಿಯ ಬಾಯಿಗೆ ಬೀಳುತ್ತದೆ. ಅನೇಕ ವೇಳೆ ಎತ್ತುವ ಅಗತ್ಯವೇ ಇರುವುದಿಲ್ಲ. ಜಿಂಕೆಯು ತನ್ನ ಎಳೆಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ದಾರಿಹೋಕನು ಅದನ್ನು ಅನಾಥವೆಂದೆಣಿಸಿ ಮನೆಗೆ ತಂದರೆ ತಾಯಿಯನ್ನು ಅಗಲಿಸಿದಂತಾಯಿತು. ರೋಗದ ಭಯವೂ ಸುಳ್ಳಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 1982-83ರಲ್ಲಿ ನಮ್ಮ ಸಮೀಪದ ಬೆಳ್ತಂಗಡಿ ತಾಲೂಕಿನಲ್ಲಿ ಎಷ್ಟೋ ಮನೆಗಳಿಗೆ ದುಃಖವನ್ನು ತಂದಿತು. ಇವೆಲ್ಲಕ್ಕೂ ಮಿಗಿಲಾಗಿ, "ಗಾಯಗೊಂಡಿತ್ತು, ಸಾಕಿದೆ" ಎಂಬ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಆಡಬಲ್ಲವನು ಕಳ್ಳಬೇಟೆಗಾರನೇ. ಅವನಿಗೆ ತೆರೆದ ಬಾಗಿಲಾಗದಂತೆ ಕಾಯಿದೆಯು ಬಿಗಿಯಾಯಿತು.

ಹಾಗಾದರೆ ಸಜ್ಜನನಿಗೆ ದಾರಿಯೇ ಇಲ್ಲವೇ? ಉಂಟು, ನಮ್ಮವರಲ್ಲಿ ಅದನ್ನು ಬಲ್ಲವರು ವಿರಳ. ಅದೇ ಕಾಯಿದೆಯ 39ನೆಯ ಕಲಮಿನ ಮೇರೆಗೆ ಹೀಗೆ ದೊರೆತ ವನ್ಯಪ್ರಾಣಿಯು ಸರಕಾರದ ಸ್ವತ್ತು. ಅದು ಯಾವ ಬಗೆಯಿಂದ ಯಾರ ವಶಕ್ಕೆ ಬಂದರೂ ಅವರು 48 ಗಂಟೆಗಳೊಳಗಾಗಿ ಸಮೀಪದ ಪೋಲೀಸು ಠಾಣೆಗೋ ಅಧಿಕಾರ ಪಡೆದ ಅರಣ್ಯಾಧಿಕಾರಿಗೋ ವರದಿ ಮಾಡಬೇಕು; ಕೇಳಿದರೆ ಒಪ್ಪಿಸಬೇಕು. ಬುದ್ಧನ ಬಾಲ್ಯದ ಕಥೆಯಲ್ಲಿ ಹಂಸವು ಹೊಡೆದವನದೋ ಕಾಪಾಡಿದವನದೋ ಎಂಬ ವಾದ ಬಂದಾಗ ಕಾಪಾಡಿದವನದೆಂದು ತೀರ್ಪಾಯಿತು. ಇಂದಿನ ಕಾಯಿದೆಯಾದರೋ ಇಬ್ಬರದೂ ಅಲ್ಲವೆನ್ನುತ್ತದೆ. ಇದು ಕೇಳುವುದಕ್ಕೆ ಕಹಿಯಾದರೂ, ಕಾಡಿನದು ಕಾಡಿಗೇ ಸೇರಬೇಕೆಂಬುದೇ ಅದರ ತಾತ್ಪರ್ಯ.

ಆದುದರಿಂದ ಗೃಹಸ್ಥರೂ ಗೃಹಿಣಿಯರೂ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಗೂಡಿನಿಂದ ಬಿದ್ದ ಪುಕ್ಕ ಬಂದ ಮರಿಹಕ್ಕಿಯನ್ನು ಸಮೀಪದ ಕೊಂಬೆಯ ಮೇಲಿರಿಸಿ ದೂರ ಸರಿದರೆ ಸಾಮಾನ್ಯವಾಗಿ ತಾಯಿಯೇ ಬರುತ್ತದೆ. ಹಾವು, ಚಿರತೆ, ಹಂದಿ, ಮಂಗಗಳನ್ನು ಮುಟ್ಟದೆ, ಜನರು ಗುಂಪುಗೂಡದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ. ಗಾಯಗೊಂಡ ಹಕ್ಕಿಯನ್ನು ಎತ್ತಲೇಬೇಕಾದರೆ ಬಟ್ಟೆ ಹೊದಿಸಿ, ಗಾಳಿಯಾಡುವ ಕಾಗದದ ಪೆಟ್ಟಿಗೆಯಲ್ಲಿ, ಕತ್ತಲೆಯಾದ ನಿಶ್ಶಬ್ದವಾದ ಕೋಣೆಯಲ್ಲಿರಿಸಬೇಕು. ಬಾಯಿಗೆ ಹಾಲನ್ನಾಗಲಿ ನೀರನ್ನಾಗಲಿ ಹೊಯ್ಯಬಾರದು. ತಡಮಾಡದೆ ಅರಣ್ಯ ಇಲಾಖೆಯ 1926 ಎಂಬ ದೂರವಾಣಿಗೋ ಪೋಲೀಸರ 112ಕ್ಕೋ ತಿಳಿಸಬೇಕು. ದೊರೆತ ಸ್ಥಳ, ದಿನ, ಗಂಟೆ, ಕರೆ ಮಾಡಿದ ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಒಪ್ಪಿಸುವಾಗ ರಸೀತಿ ಕೇಳಬೇಕು. ಆ ಚೀಟಿಯೇ ನಾಳೆ ನಮ್ಮ ಸದ್ಭಾವಕ್ಕೆ ಸಾಕ್ಷಿ.

ಇಷ್ಟನ್ನು ನಾವು ಮಾಡಿದರೆ ಸರಕಾರವೂ ತನ್ನ ಪಾಲನ್ನು ಮಾಡಬೇಕಷ್ಟೆ. ಬ್ರಿಟನ್ನಿನ 1981ನೆಯ ಇಸವಿಯ ಕಾಯಿದೆಯಲ್ಲಿ, ತನ್ನ ಅಕ್ರಮ ಕೃತ್ಯದಿಂದಲ್ಲದೆ ಅಂಗಹೀನವಾದ ಕಾಡುಹಕ್ಕಿಯನ್ನು ಉಪಚರಿಸಿ ಬಿಟ್ಟುಬಿಡುವುದಕ್ಕಾಗಿಯೇ ಹಿಡಿದವನು ಅಪರಾಧಿಯಲ್ಲವೆಂದು ಬರೆದಿದೆ. ಅಮೆರಿಕದಲ್ಲಿ ಗಾಯಗೊಂಡ ವಲಸೆಹಕ್ಕಿಯನ್ನು ಪರವಾನಗಿಯುಳ್ಳ ಉಪಚಾರಕರಲ್ಲಿಗೆ ಕೂಡಲೇ ಒಯ್ಯುವುದಕ್ಕೆ ಯಾರಿಗೂ ಪರವಾನಗಿ ಬೇಕಿಲ್ಲ. ಆದರೂ 2011ರಲ್ಲಿ ವರ್ಜೀನಿಯಾ ಸಂಸ್ಥಾನದಲ್ಲಿ ಬೆಕ್ಕಿನ ಬಾಯಿಂದ ಮರಕುಟಿಗದ ಮರಿಯನ್ನು ಬಿಡಿಸಿದ ಹನ್ನೊಂದು ವರ್ಷದ ಹುಡುಗಿಯ ಮನೆಗೆ 535 ಡಾಲರು ಜುಲ್ಮಾನೆಯ ಚೀಟಿ ಬಂದಿತು! ತಪ್ಪಾಗಿ ಹೊರಟುದೆಂದು ಇಲಾಖೆಯವರೇ ಅದನ್ನು ಹಿಂತೆಗೆದುಕೊಂಡರು. ಒಳ್ಳೆಯ ನಿಯಮವಿದ್ದಲ್ಲಿಯೂ ಅದನ್ನು ನಡೆಸುವವರಲ್ಲಿ ವಿವೇಚನೆ ಬೇಕೆಂಬುದಕ್ಕೆ ಇದೇ ದೃಷ್ಟಾಂತ.

ನಮ್ಮ ಕಡಬದ ಜನರು ಕಾಡಿನ ನೆರೆಯಲ್ಲಿ ಬಾಳುವುದಕ್ಕೆ ತೆರುತ್ತಿರುವ ಬೆಲೆ ಅಲ್ಪವಲ್ಲ. 2023ನೆಯ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಯಿಂದ ಒಂದೇ ದಿನ ಇಬ್ಬರು ಮೃತರಾದರು. ಅಂಥ ನೆಲದಲ್ಲಿಯೂ ಗಾಯಗೊಂಡ ಮೃಗವನ್ನು ಕಂಡು ಅಯ್ಯೋ ಎನ್ನುವ ಮನಸ್ಸು ಉಳಿದಿದ್ದರೆ ಅದು ಅರಣ್ಯರಕ್ಷಣೆಗೆ ದೊರೆತ ಅಮೂಲ್ಯ ನಿಧಿ. ಜೀವಿಗಳಲ್ಲಿ ದಯೆಯಿಡುವುದು ಪ್ರಜೆಯ ಕರ್ತವ್ಯವೆಂದು 1976ರಲ್ಲಿ ನಮ್ಮ ಸಂವಿಧಾನದಲ್ಲಿಯೇ ಸೇರಿಸಲಾಗಿದೆ. ಸಂವಿಧಾನವು ಕರ್ತವ್ಯವೆಂದುದನ್ನು ಕಾಯಿದೆಯು ಸಂದೇಹದಿಂದ ನೋಡುವುದು ಶೋಭಿಸದು.

ಸದ್ಭಾವದಿಂದ ಎತ್ತಿ, 48 ಗಂಟೆಗಳೊಳಗೆ ವರದಿ ಮಾಡಿದವನು ಅಪರಾಧಿಯಲ್ಲ ಎಂಬ ಒಂದು ವಾಕ್ಯವನ್ನು ಶಾಸನಕರ್ತರು ಕಾಯಿದೆಯಲ್ಲಿ ಬರೆಯಲಿ. ತಾಲೂಕಿಗೊಂದರಂತೆ ವನ್ಯಪ್ರಾಣಿಗಳ ಚಿಕಿತ್ಸೆಗೆ ಏರ್ಪಾಡಾಗಲಿ. ಗಾಯಗೊಂಡ ಪ್ರಾಣಿಯು ಮಂಗಳೂರಿನ ಪಿಲಿಕುಳದವರೆಗೆ ಪ್ರಯಾಣ ಮಾಡಿ ಬದುಕುವುದು ಎಲ್ಲ ವೇಳೆಯೂ ಸಾಧ್ಯವಲ್ಲ. ನಾವಾದರೋ ಎತ್ತುವ ಕೈಯನ್ನು ಹಿಂದೆಗೆಯದಿರೋಣ, ಎತ್ತಿದುದನ್ನು ನಮ್ಮದೆನ್ನದಿರೋಣ. ದಯೆಗೆ ದಂಡನೆಯಾಗಬಾರದು, ದಯೆಯ ಹೆಸರಿನಲ್ಲಿ ಮೋಹವೂ ಬೆಳೆಯಬಾರದು.