ಅಣಬೆಯ ಚೀಲದಲ್ಲಿ ಏನಿರಬೇಕು, ಏನಿರಬಾರದು

ಮನೆಯಲ್ಲಿ ಅಣಬೆ ಬೆಳೆಯಲು ಹೊರಟ ಅನೇಕರ ಮೊದಲ ಚೀಲ ಹಸಿರು ಬೂಷ್ಟು ಹಿಡಿದು ಹಾಳಾಗುತ್ತದೆ. ಆಗ ಸಿಟ್ಟೆಲ್ಲ ಬೀಜ ಕೊಟ್ಟವರ ಮೇಲೆ. ಬೀಜ ಹಳತಾಗಿರುವುದೂ ಉಂಟು, ಇಲ್ಲವೆನ್ನಲಾಗದು. ಆದರೆ ಎಂಥ ಹುಲ್ಲು ತಂದೆವು, ಅದನ್ನು ಎಷ್ಟು ನೆನೆಸಿದೆವು, ಯಾವುದರಲ್ಲಿ ತುಂಬಿದೆವು ಎಂಬಲ್ಲೇ ಬೆಳೆಯ ಹಣೆಬರಹ ಬಹುಮಟ್ಟಿಗೆ ನಿಂತಿರುತ್ತದೆ. ಈ ಮೂರರ ಬಗ್ಗೆಯೂ ನಮ್ಮಲ್ಲಿ ತಪ್ಪು ತಿಳಿವಳಿಕೆ ಧಾರಾಳವಾಗಿದೆ. ಇಲ್ಲಿ ಹೇಳುವುದು ಮುಖ್ಯವಾಗಿ ಸಿಂಪಿ ಅಣಬೆಯ ವಿಚಾರ. ಚಿಪ್ಪಣಬೆ ಎಂದೂ ಕರೆಯುವ ಇದು ಮನೆಯಲ್ಲಿ ಬೆಳೆಯಲು ಎಲ್ಲಕ್ಕಿಂತ ಸುಲಭ.

“ನಾಯಿಕೊಡೆ ತಿಪ್ಪೆಯಲ್ಲಿ ಏಳುತ್ತದಲ್ಲ, ಹಾಗಾದರೆ ಗೊಬ್ಬರ ಹಾಕಬೇಕು”

ತಿಪ್ಪೆಯ ಮೇಲೆ ಏಳುವುದು ಬೇರೆ ಜಾತಿ. ಸಿಂಪಿ ಅಣಬೆ ಕಾಡಿನಲ್ಲಿ ಸತ್ತ ಮರದ ಮೇಲೆ ಬದುಕುವಂಥದ್ದು. ಮರದ ನಾರನ್ನೂ ಅದನ್ನು ಬಿಗಿಹಿಡಿದಿರುವ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವನ್ನೂ ಅದು ನೇರವಾಗಿ ಕರಗಿಸಿ ತಿನ್ನುತ್ತದೆ. ಹುಲ್ಲಿನಲ್ಲಿರುವುದೂ ಇವೇ. ಆದ್ದರಿಂದ ಅದಕ್ಕೆ ಸಗಣಿಯೂ ಬೇಡ, ಕೊಟ್ಟಿಗೆ ಗೊಬ್ಬರವೂ ಬೇಡ, ಮಣ್ಣೂ ಬೇಡ. ಹದವಾಗಿ ಕೊಳೆಸಿದ ಕಾಂಪೋಸ್ಟ್ ಬೇಕಾಗುವುದು ಅಂಗಡಿಯಲ್ಲಿ ಸಿಗುವ ಬಿಳಿ ಬಟನ್ ಅಣಬೆಗೆ. ಅದು ತಂಪು ಕೋಣೆ, ದೊಡ್ಡ ಸಿದ್ಧತೆ ಬೇಡುವ ಬೆಳೆ. ಒಂದರ ಪಾಠವನ್ನು ಇನ್ನೊಂದಕ್ಕೆ ಅಂಟಿಸಿದ್ದರಿಂದಲೇ ಈ ಗೊಂದಲ ಹುಟ್ಟಿದೆ.

ಅರ್ಧ ಕೊಳೆತ ಹುಲ್ಲಾದರೆ ಅಣಬೆಗೆ ಕೆಲಸ ಹಗುರ ಎಂಬ ಮಾತೂ ಇದರ ಬೆನ್ನಿಗೇ ಬರುತ್ತದೆ. ಮಳೆಯಲ್ಲಿ ನೆನೆದು ಕಪ್ಪಾದ ಬಣವೆಯ ಹುಲ್ಲಿನಲ್ಲಿ ಬೇರೆ ಬೂಷ್ಟುಗಳು ಆಗಲೇ ಮನೆ ಮಾಡಿರುತ್ತವೆ, ಸತ್ವವನ್ನೂ ತಿಂದಿರುತ್ತವೆ. ಈ ಸಾಲಿನ ಕುಯ್ಲಿನ, ಹೊಂಬಣ್ಣ ಮಾಸದ, ಮುಗ್ಗಲು ವಾಸನೆಯಿಲ್ಲದ ಹುಲ್ಲೇ ಬೇಕು. ಭತ್ತದ ಹುಲ್ಲು ಎಲ್ಲರೂ ಬಳಸುವಂಥದ್ದು. ರಾಗಿ ಹುಲ್ಲು, ಮೆಕ್ಕೆಜೋಳದ ದಂಟು, ಕಬ್ಬಿನ ಸಿಪ್ಪೆಯಲ್ಲೂ ಸಿಂಪಿ ಅಣಬೆ ಬರುತ್ತದೆ. ಎರಡು ಮೂರು ಇಂಚಿಗೆ ಕತ್ತರಿಸಿಕೊಂಡರೆ ಸಾಕು.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಅಡಿಕೆ ಹಾಳೆಯ ಚೂರುಗಳಲ್ಲೂ ಸಿಂಪಿ ಅಣಬೆ ಬೆಳೆಯುತ್ತದೆ. ಆದರೆ ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಶಿಲೀಂಧ್ರವನ್ನು ಕೊಲ್ಲಲೆಂದೇ ಮಾಡಿದ ಔಷಧಿ ಅದು, ಮತ್ತು ಅಣಬೆಯೂ ಶಿಲೀಂಧ್ರವೇ. ಆದ್ದರಿಂದ ಔಷಧಿ ಬಿದ್ದ ಹಾಳೆಯನ್ನು ಆರಿಸಬೇಡಿ. ಸಿಂಪಡಣೆ ತಾಗದ, ಬಿಸಿಲಿನಲ್ಲಿ ಒಣಗಿದ ಹಾಳೆಯನ್ನೇ ಎತ್ತಿಟ್ಟುಕೊಳ್ಳಿ.

“ತೌಡು, ಹಿಂಡಿ ಬೆರೆಸಿದಷ್ಟೂ ಫಸಲು ಜಾಸ್ತಿ”

ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಹೆಚ್ಚು ನಷ್ಟ ಮಾಡುತ್ತದೆ. ತೌಡಿನಲ್ಲಿರುವ ಸಾರಜನಕ ಫಸಲು ಹೆಚ್ಚಿಸಬಲ್ಲದು ಎಂಬುದು ನಿಜ. ಮರದ ಹೊಟ್ಟಿನಲ್ಲಿ ಬೆಳೆಯುವವರು ತೌಡು ಸೇರಿಸಿ, ಚೀಲಗಳನ್ನು 121 ಡಿಗ್ರಿ ಸೆಲ್ಸಿಯಸ್ ಆವಿಯಲ್ಲಿ ಒತ್ತಡ ಕೊಟ್ಟು ಬೇಯಿಸಿ, ಧೂಳಿಲ್ಲದ ಕೋಣೆಯಲ್ಲಿ ಬೀಜ ಹಾಕುತ್ತಾರೆ. ಬಚ್ಚಲ ಹಂಡೆಯಲ್ಲಿ ಹುಲ್ಲು ಬಿಸಿ ಮಾಡುವ ನಮಗೆ ಆ ಅನುಕೂಲವಿಲ್ಲ. ತೌಡನ್ನು ಸಿಂಪಿ ಅಣಬೆಗಿಂತ ಹಸಿರು ಬೂಷ್ಟು ಬೇಗ ಹುಡುಕಿಕೊಂಡು ಬರುತ್ತದೆ. ಮೇಲಾಗಿ ಸತ್ವ ಹೆಚ್ಚಿದ ಚೀಲ ಒಳಗೇ ಕಾವು ಏರಿ, ಬೀಜದಿಂದ ಹರಡುವ ಅಣಬೆಯ ಬಿಳಿ ಎಳೆಗಳನ್ನು ಸಾಯಿಸುತ್ತದೆ. ಬರೀ ಹುಲ್ಲೇ ಸಾಕು. ಸರಿಯಾಗಿ ಮಾಡಿದರೆ ಒಂದು ಕಿಲೋ ಒಣ ಹುಲ್ಲಿನಿಂದ ಅರ್ಧ ಕಿಲೋಗೆ ಕಡಿಮೆಯಿಲ್ಲದಂತೆ ಹಸಿ ಅಣಬೆ ಸಿಗುತ್ತದೆ.

ಕಾಫಿ ಚರಟದ ಕಥೆಯೂ ಇದೇ. ಫಿಲ್ಟರಿನಲ್ಲಿ ಉಳಿದ ಚರಟ ಬಿಸಿನೀರು ಕಂಡಿರುತ್ತದೆ, ಅದರಲ್ಲಿ ಅಣಬೆ ಬೆಳೆಯುವುದೂ ಹೌದು. ಆದರೆ ವಾರವಿಡೀ ಡಬ್ಬಿಯಲ್ಲಿ ಕೂಡಿಟ್ಟ ಚರಟ ಆಗಲೇ ಬೂಷ್ಟು ಹಿಡಿದಿರುತ್ತದೆ. ಬರೀ ಚರಟವನ್ನೇ ತುಂಬಿದರೆ ಕೆಸರಿನಂತೆ ಒತ್ತಿಕೊಂಡು ಗಾಳಿಯಾಡದು. ಅಂದಂದಿನ ಚರಟವನ್ನು ಹುಲ್ಲಿಗೆ ಸ್ವಲ್ಪವೇ ಬೆರೆಸುವುದಾದರೆ ಸರಿ.

ಮರದ ಹೊಟ್ಟು ಬಳಸುವವರು ಅದು ಯಾವ ಮರದ್ದೆಂದು ಕೇಳಿಕೊಳ್ಳಲೇಬೇಕು. ಪ್ಲೈವುಡ್ ಕುಯ್ದ ಪುಡಿಯಲ್ಲಿ ಅಂಟು ಇರುತ್ತದೆ, ಅದು ಬೇಡವೇ ಬೇಡ. ಕೊಳೆಯದೆ ಉಳಿಯುವುದಕ್ಕೇ ಹೆಸರಾದ ತೇಗವೂ ಬೇಡ. ಮಾವಿನ ಹೊಟ್ಟು ಆಗುತ್ತದೆ.

“ಎಷ್ಟು ಕುದಿಸಿದರೆ ಅಷ್ಟು ಒಳ್ಳೆಯದು, ಎಷ್ಟು ಒದ್ದೆಯಿದ್ದರೆ ಅಷ್ಟು ಒಳ್ಳೆಯದು”

ಹುಲ್ಲಿಗೆ ಬೇಕಿರುವುದು 65ರಿಂದ 80 ಡಿಗ್ರಿಯ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ. ಇದು ಪೈಪೋಟಿಗೆ ನಿಲ್ಲುವ ಬೂಷ್ಟುಗಳನ್ನು ಕೊಲ್ಲುತ್ತದೆ, ಬಿಸಿ ತಾಳುವ ಕೆಲವು ನಿರಪಾಯ ಸೂಕ್ಷ್ಮಜೀವಿಗಳನ್ನು ಉಳಿಸುತ್ತದೆ. ಆಮೇಲೆ ಗಾಳಿಯಲ್ಲಿ ಬಂದು ಬೀಳುವ ಬೂಷ್ಟಿನ ಬೀಜಕ್ಕೆ ಅವು ಸುಲಭವಾಗಿ ಜಾಗ ಬಿಡುವುದಿಲ್ಲ. ಕುಕ್ಕರಿನಲ್ಲಿ ಎಲ್ಲವನ್ನೂ ಕೊಂದ ಹುಲ್ಲನ್ನು ಅಡುಗೆಮನೆಯ ಗಾಳಿಗೆ ಹರವಿದರೆ ಮೊದಲು ಬಂದವರದೇ ಊರು. ಕಾರ್ಬೆಂಡಜಿಮ್, ಫಾರ್ಮಾಲಿನ್ ಬೆರೆಸಿದ ನೀರಿನಲ್ಲಿ ಹುಲ್ಲು ನೆನೆಸುವ ವಿಧಾನವನ್ನೂ ಹಲವರು ಹೇಳಿಕೊಡುತ್ತಾರೆ. ನೂರಾರು ಚೀಲ ಮಾಡುವ ಕಡೆ ಅದಕ್ಕೆ ಕಾರಣಗಳಿರಬಹುದು. ಮಕ್ಕಳಿರುವ ಮನೆಗೆ ಆ ಔಷಧಿಗಳನ್ನು ತರುವ ಅಗತ್ಯ ನನಗಂತೂ ಕಾಣುವುದಿಲ್ಲ. ಬಿಸಿನೀರು ಸಾಕು.

ನೀರಿನ ಹದ ತಪ್ಪುವುದೇ ಹೆಚ್ಚು. ಬಿಸಿ ಮಾಡಿದ ಹುಲ್ಲನ್ನು ಬಸಿದು, ತೊಳೆದ ಬಟ್ಟೆಯ ಮೇಲೆ ಹರವಿ ಆರಿಸಬೇಕು. ಹಿಡಿಯಲ್ಲಿ ತೆಗೆದುಕೊಂಡು ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಇಳಿಯಬಾರದು. ತೇವ ಶೇ. 60ರಿಂದ 65ರ ಆಸುಪಾಸಿನಲ್ಲಿದೆ ಎಂದು ಆಗ ತಿಳಿಯಬಹುದು. ಇದಕ್ಕಿಂತ ಹೆಚ್ಚಾದರೆ ತಳದಲ್ಲಿ ನೀರು ನಿಂತು ಹುಳಿ ನಾತ ಬರುತ್ತದೆ. ಬೀಜವನ್ನು ಹುಲ್ಲು ಪೂರ್ತಿ ತಣ್ಣಗಾದ ಮೇಲೆಯೇ ಹಾಕಬೇಕು.

“ದೊಡ್ಡ ಪಾತ್ರೆ, ಬಿಗಿ ಮುಚ್ಚಳ, ಕತ್ತಲೆ ಕೋಣೆ”

ಮೂರೂ ತಪ್ಪು. ಅಣಬೆ ನಮ್ಮ ಹಾಗೆಯೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬೆಳೆಯುತ್ತ ಕಾವನ್ನೂ ಹುಟ್ಟಿಸುತ್ತದೆ. ಡ್ರಮ್ಮಿನಂಥ ಪಾತ್ರೆಯ ನಡುವಿನ ಕಾವು ಹೊರಗೆ ಬರಲು ದಾರಿಯಿಲ್ಲದೆ ಎಳೆಗಳು ಬೇಯುತ್ತವೆ. ತೂತಿಲ್ಲದ ಪಾತ್ರೆಯಲ್ಲಿ ಕಾಲು ಉದ್ದ, ಕೊಡೆ ಪುಟ್ಟದಾದ ಅಣಬೆ ಬರುತ್ತದೆ. ಅದು ಗಾಳಿ ಸಾಲದೆಂಬ ಗುರುತು, ಜಾತಿಯ ದೋಷವಲ್ಲ. ಸುಮಾರು 12 ಇಂಚು ಅಗಲ, 24 ಇಂಚು ಉದ್ದದ ಚೀಲ, ಅದರ ಸುತ್ತ ಅಲ್ಲಲ್ಲಿ ಸಣ್ಣ ತೂತು ಇದ್ದರೆ ಮನೆಗೆ ಸಾಕು. ಕತ್ತಲೆಯನ್ನು ಎಳೆ ಹರಡುವ ಎರಡು ಮೂರು ವಾರ ಅದು ಸಹಿಸುತ್ತದೆ, ಅಷ್ಟೆ. ಮೊಗ್ಗು ಬಿಡಲು ಬೆಳಕು ಬೇಕೇ ಬೇಕು. ನೇರ ಬಿಸಿಲಲ್ಲ, ಕಿಟಕಿಯ ಬದಿಯ ಬೆಳಕು.

ಪಾರದರ್ಶಕ ಚೀಲವನ್ನೇ ನಾನು ಒತ್ತಿ ಹೇಳುವುದು ಅದರಲ್ಲಿ ಒಳಗಿನದು ಕಾಣುತ್ತದೆ ಎಂಬ ಕಾರಣಕ್ಕೆ. ಹಸಿರು ಮಚ್ಚೆ ಕಂಡ ದಿನವೇ ಆ ಚೀಲವನ್ನು ಬೇರೆಯವುಗಳಿಂದ ದೂರ ಒಯ್ಯಬಹುದು. ಬಕೆಟ್ ಬಳಸುವವರು ಅಡಿಯಲ್ಲಿ ನೀರಿಳಿಯಲು, ಪಕ್ಕದಲ್ಲಿ ಅಣಬೆ ಬರಲು ಒಂದು ಸೆಂಟಿಮೀಟರಿನಷ್ಟು ತೂತು ಕೊರೆಯಬೇಕು. ತೊಳೆದು ಮತ್ತೆ ಮತ್ತೆ ಬಳಸಬಹುದೆಂಬುದು ಅದರ ದೊಡ್ಡ ಗುಣ. ಆದರೆ ಬಣ್ಣ, ಕೀಟನಾಶಕ ಇದ್ದ ಬಕೆಟ್ಟನ್ನು ಎಷ್ಟು ತೊಳೆದರೂ ಬಳಸಬಾರದು. ಸಿಂಪಿ ಅಣಬೆ ತಾನಿರುವ ಜಾಗದ ಭಾರಲೋಹಗಳನ್ನು ಮೈಗೆ ಸೇರಿಸಿಕೊಳ್ಳುವ ಸ್ವಭಾವದ್ದು, ಕೊನೆಗೆ ಅದು ಬರುವುದು ನಮ್ಮ ತಟ್ಟೆಗೆ.

ಬಿರುಬೇಸಗೆಯ ರಾಯಚೂರು, ಕಲಬುರಗಿಯಲ್ಲಿ ಸಿಂಪಿ ಅಣಬೆ ಸೋಲುತ್ತದೆ. ಅಲ್ಲಿಗೆ 30ರಿಂದ 35 ಡಿಗ್ರಿ ಬಿಸಿಯಲ್ಲಿ ಬರುವ ಹಾಲು ಅಣಬೆ ಸರಿ. ಅದಕ್ಕೂ ಹುಲ್ಲೇ ಆಹಾರ. ಆದರೆ ಎಳೆ ಹರಡಿದ ಮೇಲೆ ಚೀಲದ ಬಾಯಿ ಬಿಚ್ಚಿ, ಹಬೆಯಲ್ಲಿ ಬೇಯಿಸಿ ಆರಿಸಿದ ಮಣ್ಣನ್ನು ಒಂದಿಂಚು ಹರಡಬೇಕು. ಅಣಬೆ ಬರುವುದು ಆ ಮಣ್ಣಿನ ಮೇಲೆ. ಹಾಗಾಗಿ ಇದಕ್ಕೆ ಪಕ್ಕದ ತೂತಿಗಿಂತ ಅಗಲ ಬಾಯಿ ಮುಖ್ಯ.

ಬೀಜವನ್ನು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ನಂಬಿಕೆಯ ಕಡೆಯಿಂದಲೇ ತನ್ನಿ, ತಯಾರಾದ ದಿನಾಂಕ ಕೇಳಿ. ಕಾಡಿನ ಅಣಬೆಯ ಚೂರು ತಂದು ಬೀಜ ಮಾಡುವ ಸಾಹಸ ಬೇಡ, ವಿಷದ ಅಣಬೆಯನ್ನು ಕಣ್ಣಳತೆಯಲ್ಲಿ ಗುರುತಿಸಲಾಗದು. ಚೀಲವನ್ನು ಮಲಗುವ ಕೋಣೆಯಲ್ಲಿಡಬೇಡಿ. ಅಂಚು ಮೇಲಕ್ಕೆ ಮಡಚುವ ಮೊದಲೇ ಅಣಬೆ ಕೀಳಿ. ಬಲಿತ ಸಿಂಪಿ ಅಣಬೆ ಉದುರಿಸುವ ಬಿಳಿ ಪುಡಿ ಕೆಲವರಿಗೆ ಕೆಮ್ಮು, ಅಲರ್ಜಿ ತರುತ್ತದೆ.